ಊಟವಾದ ಮೇಲೆ ಅಳತೆ

ಯಾರೇ ಕಾರು ತಂದು ನಿಲ್ಲಿಸಿದರೂ ಕಾಕಾ ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ. "ಊಟ ಆಗ್ಯದೇನ್ರಿ?"

ನಮ್ಮ ಮೈಸೂರಿನ ಕಡೆ ಇದನ್ನು ಉಪಚಾರಕ್ಕೆ ಕೇಳುತ್ತಾರೆ. ಆಗದಿದ್ದರೂ ಆಯಿತು ಎನ್ನುವುದೇ ಮರ್ಯಾದೆ. ನಾನು ಮೊದಲ ಸಲ ಪುಣೆಯ ಅವರ ಗ್ಯಾರೇಜು ಶೆಡ್ಡಿಗೆ ಹೋದಾಗ ಮರ್ಯಾದೆ ಮರೆತು "ಇಲ್ಲ ಸಾರ್, ಪರವಾಗಿಲ್ಲ, ಆಮೇಲೆ ಮಾಡ್ತೀನಿ" ಎಂದುಬಿಟ್ಟೆ. ನನ್ನ ಕಾರಿನ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದವರು ಎದ್ದು, ಟೇಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ರಸ್ತೆಯಾಚೆಯ ಖಾನಾವಳಿಯತ್ತ ಕೈ ತೋರಿಸಿದರು.

"ಹೋಗಿ ಉಂಡು ಬರ್ರಿ. ಖಾಲಿ ಹೊಟ್ಟಿ ಅಳತಿ ನಾ ತೊಗೊಳಂಗಿಲ್ಲ. ಮತ್ತ ಈ ಸಾರ್ ಗೀರ್ ಬ್ಯಾಡ. ಇಲ್ಲಿ ಎಲ್ಲಾರೂ ಕಾಕಾ ಅಂತಾರ."

ಉಂಡ ಅನ್ನ ಹೆಚ್ಚೆಂದರೆ ಅರ್ಧ ಕಿಲೋ, ಅದರಿಂದ ಕಾರಿನ ಸ್ಪ್ರಿಂಗಿಗೆ ಏನಾಗುತ್ತೆ ಎಂದು ವಾದಿಸಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಮೈಸೂರಿನವರು ಅರ್ಧ ಕಿಲೋ ಉಣ್ತೀರಿ. ನಮ್ಮ ಭಾಲ್ಕಿ ಕಡೆಯವರು ಕುಂತ್ರ ಗೊತ್ತಾಗ್ತದ" ಎಂದರು. ಸರಿ, ಹೋಗಿ ಉಂಡು ಬಂದೆ. ಅಳತೆ ಮುಗಿಯುವಷ್ಟರಲ್ಲಿ ಮತ್ತೆ ಹಸಿವಾಗಿತ್ತು.

ನಾನು ಪುಣೆಗೆ ಬಂದು ಮಗರಪಟ್ಟಾದ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ ಹಿಡಿದಿದ್ದೆ. ಕೂತು ಮಾಡುವ ಕೆಲಸದವರಿಗೆ ಹತ್ತುವ ಹುಚ್ಚುಗಳಲ್ಲಿ ನನಗೆ ಹತ್ತಿದ್ದು ಕಾರಿನ ಹುಚ್ಚು. ನನ್ನ ಕಾರನ್ನು ನೆಲಕ್ಕೆ ಅಂಟಿದ ಹಾಗೆ ಇಳಿಸಬೇಕೆಂದು ನಾಲ್ಕೂ ಚಕ್ರಕ್ಕೆ ಕಾಯಿಲೋವರ್ ತರಿಸಿಕೊಂಡಿದ್ದೆ. ಕಾಯಿಲೋವರ್ ಎಂದರೆ ಬೇರೇನಲ್ಲ, ಶಾಕ್ ಅಬ್ಸಾರ್ಬರಿನ ಮೈಮೇಲೆಯೇ ಸ್ಪ್ರಿಂಗನ್ನು ಕೂರಿಸಿದ ಸಾಮಾನು. ಅದರ ಮೈಗೆ ಬೋಲ್ಟಿನಂತೆ ಥ್ರೆಡ್ ಇರುತ್ತದೆ. ಸ್ಪ್ರಿಂಗಿನ ಕೆಳಗಿರುವ ಬಳೆಯನ್ನು ತಿರುಗಿಸಿದರೆ ಆ ಮೂಲೆಯಲ್ಲಿ ಕಾರು ಏಳುತ್ತದೆ, ಇಲ್ಲವೇ ಇಳಿಯುತ್ತದೆ. ತಿರುಗಿಸುವುದು ಯಾರಿಗೂ ಬರುತ್ತದೆ. ಎಷ್ಟು ತಿರುಗಿಸಬೇಕು ಎನ್ನುವುದಕ್ಕೆ ನಮ್ಮ ಕಚೇರಿಯಿದ್ದ ಹಡಪಸರದಲ್ಲಿ ಎಲ್ಲರೂ ಕಾಕಾರ ಶೆಡ್ಡಿಗೇ ಕಳಿಸುತ್ತಿದ್ದರು.

ಕಾಕಾ ಗುಂಡಗಿದ್ದರು. ಬಲಗಿವಿಯ ಮೇಲೆ ದರ್ಜಿಯಂತೆ ಸದಾ ಒಂದು ಚಾಕ್‌ಪೀಸು. ಗಿರಾಕಿಯೊಂದಿಗೆ ಮರಾಠಿ, ಸ್ಪೇರ್ ಪಾರ್ಟ್ ಅಂಗಡಿಯವನೊಂದಿಗೆ ಹಿಂದಿ, ಕಾರಿನೊಂದಿಗೆ ಕನ್ನಡ. ಬಗ್ಗದ ಬೋಲ್ಟಿಗೆ ಅವರು ಬಯ್ಯುತ್ತಿದ್ದುದನ್ನು ಕೇಳಿಯೇ ನಾನು ಇವರು ನಮ್ಮವರೆಂದು ಕಂಡುಹಿಡಿದಿದ್ದು. ಆ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ವಿನಯ ಎನ್ನುವುದು ಅವರ ಹತ್ತಿರ ಸುಳಿಯುತ್ತಿರಲಿಲ್ಲ. ಇಡೀ ಪುಣೆಯಲ್ಲಿ ತಮ್ಮ ಶೆಡ್ಡಿನ ನೆಲದಷ್ಟು ಸಮನಾದ ನೆಲ ಇನ್ನೊಂದಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅವರ ಅಪ್ಪ ಗೌಂಡಿ ಕೆಲಸಕ್ಕೆ ಈ ಊರಿಗೆ ಬಂದವರು. ಗಾರೆ ಕೆಲಸದವರು ಬಳಸುವ, ನೀರು ತುಂಬಿದ ಪಾರದರ್ಶಕ ಪೈಪೊಂದು ಅಪ್ಪನ ಕಾಲದಿಂದ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಅದನ್ನು ನಾಲ್ಕೂ ಚಕ್ರದ ಬುಡಕ್ಕೆ ಹಿಡಿದು ನೀರಿನ ಮಟ್ಟ ನೋಡದೆ ಅಳತೆ ಶುರುವಾಗುತ್ತಿರಲಿಲ್ಲ. "ಕಣ್ಣು ಸುಳ್ಳು ಹೇಳ್ತದ, ನೆಲಾನೂ ಸುಳ್ಳು ಹೇಳ್ತದ. ನೀರು ಹೇಳಂಗಿಲ್ಲ ನೋಡ್ರಿ" ಎನ್ನುವರು. ಆಮೇಲೆ ಜ್ಯಾಕ್ ಇಳಿಸಿ, ಸ್ಪ್ರಿಂಗು ಹದವಾಗಿ ಕೂರಲೆಂದು ಕಾರನ್ನು ಹಿಂದೆ ಮುಂದೆ ತಳ್ಳಿ, ಬಾನೆಟ್ ಮೇಲೆ ಎರಡೂ ಕೈಯೂರಿ ಕುಲುಕಿ, ಕಾರಿನೊಳಗೆ ಕೂತ ನಮಗೆ ಅಪ್ಪಣೆ ಕೊಡುವರು.

"ಆರಾಮ ಕುಂದರ್ರಿ. ಫೋಟೋಕ್ಕ ಕುಂತಂಗ ಕುಂದರಬ್ಯಾಡ್ರಿ. ಮೊಬೈಲ್ ದಿನಾ ಎಲ್ಲಿ ಇಡ್ತೀರಿ, ಅಲ್ಲೇ ಇರ್ಲಿ. ನೀರಿನ ಬಾಟಲಿ ಎಲ್ಲ್ಯದ?"

ಕಾರಿನಲ್ಲಿ ದಿನವೂ ಯಾರ್ಯಾರು ಕೂರುತ್ತಾರೋ ಅವರೆಲ್ಲ ಬರಬೇಕು, ತಮ್ಮ ತಮ್ಮ ಜಾಗದಲ್ಲೇ ಕೂರಬೇಕು. ನಾಯಿ ಸಾಕಿದವರು ನಾಯಿಯನ್ನೂ ತರಬೇಕಿತ್ತು. ನಾಯಿಗೂ ಊಟ ಆಗಿರಬೇಕಿತ್ತು. ಎಲ್ಲರೂ ಕೂತ ಮೇಲೆ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಟೇಪು ಹಿಡಿದು, ಅಂಕಿಯನ್ನು ಚಾಕಿನಲ್ಲಿ ಟೈರಿನ ಮೇಲೆಯೇ ಬರೆಯುತ್ತಿದ್ದರು. ನನ್ನ ಕಾರನ್ನು ನಾನು ಕೇಳಿದಷ್ಟು ಇಳಿಸಲೇ ಇಲ್ಲ. ಅಷ್ಟು ಇಳಿಸಿದರೆ ಸ್ಪೀಡ್ ಬ್ರೇಕರಿಗೆ ಹೊಟ್ಟೆ ತಗಲುತ್ತದೆ, ನೋಡೋರು ನಗ್ತಾರ ಎಂದರು. ಒಂದು ವಾರ ಸಿಟ್ಟು ಮಾಡಿಕೊಂಡಿದ್ದು, ಮುಂದಿನ ಶನಿವಾರ ನಾನೇ ಶೆಡ್ಡಿಗೆ ಹೋಗಿ ಕೂತೆ. ಆಮೇಲೆ ಅದೇ ಅಭ್ಯಾಸವಾಯಿತು.

ಶೆಡ್ಡಿನ ಹಿಂದೆಯೇ ಅವರ ಮನೆ. ಅಲ್ಲಿಂದ ಒಂದು ದಿನ ಹಿಟ್ಟು ಬಂತು. ಹೊಸ ಸ್ಪ್ರಿಂಗ್ ಕೂರಿಸುವ ಮೊದಲು ಹಳೆಯದನ್ನು ಬಿಚ್ಚಿಟ್ಟು, ಚಕ್ರವನ್ನು ಜ್ಯಾಕಿನಿಂದ ಮೇಲೆತ್ತುತ್ತಾ ಹೋಗಿ, ಅದು ಎಲ್ಲಿ ಮಡ್‌ಗಾರ್ಡಿಗೆ ತಾಗುತ್ತದೆಂದು ನೋಡಬೇಕು. ಆ ಸಂದಿಯಲ್ಲಿ ಟೇಪು ಹೋಗುವುದಿಲ್ಲ. ಕಾಕಾ ರೊಟ್ಟಿಗೆ ನಾದಿಟ್ಟ ಜೋಳದ ಹಿಟ್ಟಿನ ಉಂಡೆಯನ್ನು ತಂದು ಸಂದಿಗೆ ಮೆತ್ತಿ, ಚಕ್ರವನ್ನು ಎತ್ತಿ ಇಳಿಸಿ, ಚಪ್ಪಟೆಯಾದ ಹಿಟ್ಟನ್ನು ಬ್ಲೇಡಿನಲ್ಲಿ ಕೊಯ್ದು ದಪ್ಪ ಅಳೆದರು. ಹಿಟ್ಟಿನ ಹಿಂದೆಯೇ ಹಿಟ್ಟಿನ ಒಡತಿಯೂ ಬಂದರು, ಸೊಂಟಕ್ಕೆ ಅಗಲವಾದ ಪಟ್ಟಿ ಕಟ್ಟಿಕೊಂಡು, ಬಾಗಿಲ ಚೌಕಟ್ಟು ಹಿಡಿದುಕೊಂಡು.

"ಏನ್ರಿ, ಇವತ್ತು ಟೈರಿಗಿ ರೊಟ್ಟಿ ಬಡೀಲತ್ತೀರೇನು? ರಾತ್ರಿ ಅದನ್ನೇ ಉಣ್ರಿ ಮತ್ತ."

ಅವರೇ ಕಾಕು, ಕಾಕಾರ ಹೆಂಡತಿ.

ಕಾಕುವಿಗೆ ಬೆನ್ನಿನ ಆಪರೇಷನ್ ಆಗಿತ್ತು. ಅಡ್ಡಾಡಬಹುದು, ರೊಟ್ಟಿ ಬಡಿಯಬಹುದು, ಗಂಡನನ್ನು ಬಯ್ಯಬಹುದು. ಆದರೆ ಗಾಡಿಯಲ್ಲಿ ದೂರ ಹೋಗುವುದಾದರೆ ಕುಲುಕು ಆಗಬಾರದು ಎಂದು ಡಾಕ್ಟರು ಹೇಳಿದ್ದರು. ಒಮ್ಮೆ ಹಟಕ್ಕೆ ಬಿದ್ದು ಸ್ವಾರಗೇಟಿನ ಬಸ್‌ಸ್ಟ್ಯಾಂಡಿಗೆ ಹೋಗಿ ಬಸ್ಸು ಹತ್ತಿದವರು ಊರು ದಾಟುವ ಮೊದಲೇ ನೋವು ತಾಳದೆ ಇಳಿದು ಬಂದಿದ್ದರಂತೆ. ರೈಲಿಗೆ ಹೋಗೋಣವೆಂದರೆ ಸ್ಟೇಶನ್ನಿನ ಮೆಟ್ಟಿಲುಗಳು. ಗಂಡನ ಕಾರುಗಳ ಮೇಲಂತೂ ಅವರಿಗೆ ನಂಬಿಕೆಯೇ ಇರಲಿಲ್ಲ. ಕಾಕಾ ಇಲ್ಲಿಯವರೆಗೆ ತಮಗಾಗಿ ಕಟ್ಟಿಕೊಂಡ ಕಾರುಗಳೆಲ್ಲ ರೇಸಿನ ಗಟ್ಟಿ ಕಾರುಗಳು. "ಇವರ ಗಾಡ್ಯಾಗ ಕುಂತ್ರ ಹಲ್ಲು ಸಡಲ್ತಾವ್ರಿ" ಎಂದು ಕಾಕು ನನ್ನೆದುರಿಗೇ ಹೇಳಿದರು. ಕಾಕಾ ಕೇಳಿಸದವರಂತೆ ಹಿಟ್ಟು ಅಳೆಯುತ್ತಿದ್ದರು.

ಹೀಗಿರುವಾಗ ಭಾಲ್ಕಿಯಲ್ಲಿ ಕಾಕುವಿನ ತಂಗಿಯ ಮಗಳ ಮದುವೆ ಗೊತ್ತಾಯಿತು. ಆ ಹುಡುಗಿ ಕಾಲೇಜು ಓದಿದ್ದೆಲ್ಲ ಇವರ ಮನೆಯಲ್ಲಿ. ಮಕ್ಕಳಿಲ್ಲದ ಇವರಿಬ್ಬರಿಗೂ ಅವಳೇ ಮಗಳು. ಮೊದಲ ಅರಿಶಿಣ ದೊಡ್ಡಮ್ಮನೇ ಹಚ್ಚಬೇಕೆಂದು ಅವಳ ಹಟ. ಕಾಕು ಮಾತ್ರ ನಾನು ಬರುವುದಿಲ್ಲ, ಫೋನಿನಲ್ಲೇ ನೋಡಿ ಹರಸುತ್ತೇನೆ ಎಂದು ಎಲ್ಲರಿಗೂ ನಗುನಗುತ್ತಾ ಹೇಳಿ, ಒಳಗೆ ಹೋಗಿ ಅಳುತ್ತಿದ್ದರು. ಇದನ್ನು ನನಗೆ ಹೇಳಿದ್ದು ಕಾಕಾ, ಒಂದು ಬೋಲ್ಟನ್ನು ಬೇಕಾದ್ದಕ್ಕಿಂತ ಹೆಚ್ಚು ಬಿಗಿಯುತ್ತಾ.

"ಫೋನಿನಾಗ ಅರಿಶಿಣ ಹಚ್ಚಲಾಕ ಬರ್ತದೇನ್ರಿ ಮೈಸೂರವರ? ಜನಕ್ಕೆಲ್ಲ ಶಾಕ್ ಕುಂದರಸಿ ಕೊಟ್ಟೆ. ಮನ್ಯಾಗಿನ ಒಂದು ಬೆನ್ನಿಗಿ ಕುಂದರಸಲಿಲ್ಲ ಅಂದ್ರ ಈ ಕೈಯಿ ಎದಕ್ಕ ಬೇಕ್ರಿ?"

ಮೂಲೆಯಲ್ಲಿ ಒಂದು ಹಳೆಯ ಡಬ್ಬಿಯಾಕಾರದ ಕಾರು ಇತ್ತು. ಅದಕ್ಕೂ ರೇಸಿನ ಎಂಜಿನ್ ಹಾಕುವ ಯೋಚನೆಯಿತ್ತು. ಅಂದಿನಿಂದ ಅದು ಕಾಕುವಿನ ಕಾರಾಯಿತು. ಉದ್ದನೆಯ, ಮೆತ್ತನೆಯ ಸ್ಪ್ರಿಂಗು. ಅದಕ್ಕೆ ತಕ್ಕ ಶಾಕನ್ನು ಅವರೇ ಬಿಚ್ಚಿ, ಕೊಯ್ದು, ಮಾಡಿದರು. ಹಿಂದಿನ ಎಡಗಡೆಯ ಸೀಟನ್ನು ಒರಗಿಕೊಳ್ಳುವಂತೆ ಬದಲಾಯಿಸಿ, ಬೆನ್ನಿಗೆ ದಿಂಬು ಹೊಲಿಸಿದರು. ಶನಿವಾರಗಳಲ್ಲಿ ಟೇಪಿನ ಇನ್ನೊಂದು ತುದಿ ಹಿಡಿಯುವ ಕೆಲಸ ನನ್ನದು. ಅಷ್ಟು ದಿನ ತಮಾಷೆಗೆ ಹೋಗುತ್ತಿದ್ದವನಿಗೆ ಆಗ ಮಾತ್ರ ಭಯವಿತ್ತು. ಅಳತೆ ತಪ್ಪಿದರೆ ಕಾಕು ಮದುವೆ ತಪ್ಪಿಸಿಕೊಳ್ಳುವುದಷ್ಟೇ ಅಲ್ಲ, ಬೆನ್ನಿಗೇ ಏನಾದರೂ ಆಗಬಹುದಿತ್ತು.

ಎಲ್ಲ ಆಯಿತು. ಇನ್ನು ಕೂರುವವರ ತೂಕ. ಬಳೆ ತಿರುಗಿಸಿದಾಗಲೆಲ್ಲ ಹತ್ತಿ ಇಳಿಯುವುದು ಕಾಕುವಿನ ಬೆನ್ನಿಗೆ ಆಗದ ಮಾತು, ಅವರ ಬದಲು ಅವರಷ್ಟೇ ತೂಕದ ಚೀಲ ಕೂರಿಸಬೇಕಿತ್ತು. ಶೆಡ್ಡಿನಲ್ಲಿ ಯಾವುದೋ ಕಾಳಿನ ಅಂಗಡಿ ಮುಚ್ಚಿದಾಗ ತಂದಿಟ್ಟ ಕಾಟಾ ಇತ್ತು, ಚೀಲ ತೂಗುವಂಥದ್ದು. ಕಾಕು ಅದನ್ನು ನೋಡಿದ್ದೇ ತಡ, ಹಿಂದಕ್ಕೆ ಸರಿದರು.

"ಜ್ವಾಳದ ಚೀಲ ತೂಗೋ ಕಾಟಾದ ಮ್ಯಾಲ ನಾ ನಿಂದರಬೇಕಾ? ಅದೂ ಈ ಮೈಸೂರವರ ಎದುರಿಗಿ? ಮದಿವಿನೂ ಬ್ಯಾಡ, ಏನೂ ಬ್ಯಾಡ."

"ಹೋಗ್ಲಿ ಬಿಡು, ನಿನ್ನ ವಜನ ನನಗ ಗೊತ್ತದ" ಎಂದರು ಕಾಕಾ.

ಇಲ್ಲಿ ಒಂದು ವಿಷಯ ಹೇಳಬೇಕು. ಮನುಷ್ಯರನ್ನು ನೋಡಿದೊಡನೆ ತೂಕ ಹೇಳಬಲ್ಲೆ ಎನ್ನುವುದು ಕಾಕಾರ ದೊಡ್ಡ ಜಂಬ. ಬಂದ ಗಿರಾಕಿಗೆಲ್ಲ ಹೇಳಿಯೂ ಬಿಡುತ್ತಿದ್ದರು. ಬಹುಪಾಲು ತಪ್ಪುತ್ತಿತ್ತು. ತಪ್ಪಿದಾಗ ಕಾಟಾಕ್ಕೆ ಒಂದು ಒದೆ ಕೊಟ್ಟು, "ಇದರ ಮುಳ್ಳು ಹಿಡೀತದ" ಎನ್ನುವರು. ಈ ಸಲ ಅವರು ಅಷ್ಟು ಖಾತ್ರಿಯಿಂದ ಹೇಳಿದ್ದರಿಂದ ನಾನೂ ಸುಮ್ಮನಾದೆ. ಜೋಳವನ್ನು ತೂಗಿ ಚೀಲಕ್ಕೆ ತುಂಬಿ, ಹಿಂದಿನ ಎಡ ಸೀಟಿನಲ್ಲಿ ಒರಗಿಸಿ ಕೂರಿಸಿದರು. ತಾವು ಊಟ ಮುಗಿಸಿ ಬಂದು ಸ್ಟಿಯರಿಂಗ್ ಮುಂದೆ ಕೂತರು. ನಾನು ಟೇಪು ಹಿಡಿದು ಕೂಗಿದ ಅಂಕಿಗೆ ತಕ್ಕಂತೆ ಬಳೆಗಳನ್ನು ತಿರುಗಿಸಿದ್ದಾಯಿತು. ಕಾರು ನಾಲ್ಕೂ ಮೂಲೆಯಲ್ಲಿ ಸಮನಾಗಿ ನಿಂತಿತು. ಚೀಲ ಸ್ವಲ್ಪ ಸಣ್ಣದಾಯಿತೇನೋ ಎಂದು ನನಗನ್ನಿಸಿದ್ದು ನಿಜ. ಒಬ್ಬರ ಹೆಂಡತಿಯ ತೂಕದ ಬಗ್ಗೆ ನಾನು ಏನೆಂದು ಮಾತಾಡಲಿ?

ಮದುವೆಗೆ ಮೊದಲು ಒಂದು ಪರೀಕ್ಷೆ ಎಂದು ಗೊತ್ತಾಯಿತು. ಸೋಲಾಪುರದ ದಾರಿಯಲ್ಲೇ ಕುರಕುಂಭದ ತನಕ ಹೋಗಿ ಬರುವುದು. ಹುಬ್ಬು, ತಗ್ಗು, ಲಾರಿ ತುಳಿದ ಡಾಂಬರು ಎಲ್ಲ ಆ ದಾರಿಯಲ್ಲಿ ಸಿಗುತ್ತದೆ.

"ನೋವಾದ್ರ ಅಲ್ಲಿಂದ ಆಂಬ್ಯುಲೆನ್ಸಿನಾಗ ಕರ್ಕೊಂಡು ಬರ್ತೀನಿ, ಆತಿಲ್ಲ?" ಎಂದರು ಕಾಕಾ.

"ಅದರ ಶಾಕ್ ಯಾರು ಕುಂದರಸ್ಯಾರ? ನೀವಲ್ಲಂದ್ರ ಬರ್ತೀನಿ" ಎಂದರು ಕಾಕು. ಆದರೂ ಹತ್ತಿದರು. ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ನಾನು ಮುಂದೆ ಕಾಕಾರ ಪಕ್ಕ ಕೂತೆ.

ಮೊದಮೊದಲು ಚೆನ್ನಾಗಿಯೇ ಇತ್ತು. ಆಮೇಲೆ ಹುಬ್ಬು ಹಾರಿದಾಗಲೆಲ್ಲ ಹಿಂದಿನ ಎಡಗಡೆಯಿಂದ ಕರ್ ಎಂದು ಸದ್ದು. ಮೆತ್ತನೆಯ ಸ್ಪ್ರಿಂಗು ತಳ ಕಂಡು, ಟೈರು ಮಡ್‌ಗಾರ್ಡನ್ನು ಉಜ್ಜುತ್ತಿತ್ತು. ಒಮ್ಮೆಯಂತೂ ಧಡ್ ಎಂದಿತು. ಕಾಕು "ಅಯ್ಯೋ ಯವ್ವಾ" ಎಂದರು. ಕುರಕುಂಭದ ಕಾರ್ಖಾನೆಗಳ ವಾಸನೆ ಮೂಗಿಗೆ ಬಡಿಯುವ ಜಾಗದಲ್ಲಿ ಕಾಕಾ ಗಾಡಿ ನಿಲ್ಲಿಸಿದರು. ಇಳಿದು ನೋಡಿದರೆ ಎಡಗಡೆ ಬೆರಳು ತೂರಿಸಲೂ ಸಂದಿ ಇರಲಿಲ್ಲ. ಅಷ್ಟು ಜಂಬದ ಮನುಷ್ಯ ಚಕ್ರದ ಮುಂದೆ ಕೂತವರು ಮೇಲೇಳಲೇ ಇಲ್ಲ. ಅವರನ್ನು ಹಾಗೆ ನಾನು ನೋಡಿರಲಿಲ್ಲ, ನನಗೆ ತುಂಬ ಕೆಟ್ಟದೆನಿಸಿತು.

ಕಾಕು ಬಾಗಿಲು ತೆಗೆದು ಕೇಳಿದರು. "ಏನ್ರಿ, ನನ್ನ ವಜನ ಎಷ್ಟಂತ ಹಿಡದ್ರಿ?"

ಕಾಕಾ ನೆಲ ನೋಡುತ್ತಾ ಒಂದು ಅಂಕಿ ಹೇಳಿದರು.

"ಅದು ಯಾರು ಹೇಳ್ಯಾರ ನಿಮಗ?"

"ಸೋಲಾಪುರ ಸ್ಟೇಶನ್ನಿನಾಗ, ಆ ದೀಪ ಹತ್ತಿ ಆರೋ ಮಶಿನ್ ಮ್ಯಾಲ ನಿಂತಿದ್ದಿ ನೋಡು. ಚೀಟಿ ಬಂತಲ್ಲ."

ಕಾಕು ಹಣೆ ಬಡಿದುಕೊಂಡರು. "ಅಯ್ಯ ನನ್ನ ಶಿವನೇ! ಅದು ನಮ್ಮ ಲಗ್ನ ಆದ ವರ್ಷ ಅಲ್ಲೇನ್ರಿ!"

ಅವರು ನಗಲು ಶುರುಮಾಡಿದರು. ಬೆನ್ನು ಹಿಡಿದುಕೊಂಡು, ಸಾಕು ಸಾಕು ಎನ್ನುತ್ತಾ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಕಾಕಾ ಕೂತಲ್ಲಿಂದಲೇ, "ನನಗ ಹಂಗೇ ಕಾಣಸ್ತಿ, ಏನ್ ಮಾಡ್ಲಿ?" ಎಂದು ಗೊಣಗಿದರು. ಆ ಒಂದು ಮಾತಿಗೆ ಕಾಕುವಿನ ಸಿಟ್ಟು, ಹೆದರಿಕೆ ಎಲ್ಲ ಇಳಿದುಹೋಯಿತೆಂದು ನನ್ನ ಲೆಕ್ಕ. ಅವರು ನನ್ನತ್ತ ತಿರುಗಿ, "ಆ ಕಡೆ ನೋಡ್ರಿ ಸ್ವಲ್ಪ" ಎಂದರು. ನಾನು ಕಾರ್ಖಾನೆಯ ಚಿಮಣಿ ನೋಡುತ್ತಾ ನಿಂತೆ. ಕಾಕು ಗಂಡನ ಕಿವಿಯಲ್ಲಿ ನಿಜವಾದ ತೂಕ ಹೇಳಿದರು. ಕಾಕಾ ಹುಬ್ಬೇರಿಸಿರಬೇಕು, ಅವರ ಬೆನ್ನ ಮೇಲೆ ಒಂದು ಗುದ್ದು ಬಿದ್ದ ಸದ್ದು ನನಗೆ ಕೇಳಿಸಿತು.

ಮರುದಿನ ಶೆಡ್ಡಿನ ಬಾಗಿಲು ಅರ್ಧ ಎಳೆದಿತ್ತು. ಚೀಲಕ್ಕೆ ಜೋಳವನ್ನು ಕಾಕಾ ಒಬ್ಬರೇ ತುಂಬಿದರು. ಮೂರು ಮೂಲೆಗೆ ನನ್ನನ್ನು ಕರೆದರು. ನಾಲ್ಕನೆಯದಕ್ಕೆ, "ಎಡಗಡೆ ಹಿಂದಿಂದು ನಾ ನೋಡ್ಕೋತೀನಿ, ನೀವು ಚಾ ಕುಡದು ಬರ್ರಿ" ಎಂದರು. ಆ ಬಳೆ ಎಷ್ಟು ಮೇಲೇರಿದೆ ಎಂದು ನೋಡಿ, ಸ್ಪ್ರಿಂಗಿನ ಗಟ್ಟಿತನ ಹಿಡಿದು ಲೆಕ್ಕ ಹಾಕಿದರೆ ಕಾಕುವಿನ ತೂಕ ಇಂದಿಗೂ ಸಿಗುತ್ತದೆ. ಇಂಜಿನಿಯರಿಂಗ್ ಓದಿದವನು, ನನಗೆ ಆ ಲೆಕ್ಕ ಬರುತ್ತದೆ. ಹಾಕಿಲ್ಲ.

ಮದುವೆಗೆ ಹೊರಟ ದಿನ ನಾನು ಕಚೇರಿಯಲ್ಲಿ ಮೀಟಿಂಗಿನಲ್ಲಿದ್ದೆ. ಮನಸ್ಸೆಲ್ಲ ಸೋಲಾಪುರದ ದಾರಿಯಲ್ಲಿ. ಮಧ್ಯಾಹ್ನ ಫೋನು ಬಂತು. ಸದಾ ಕೂಗಿಯೇ ಮಾತಾಡುವ ಕಾಕಾ ಪಿಸುಗುಟ್ಟುತ್ತಿದ್ದರು.

"ಏನಾಯ್ತು ಕಾಕಾ? ಕಾಕುಗೆ ನೋವಾ?"

"ಸುಮ್ನಿರ್ರಿ, ಮೆಲ್ಲಕ ಮಾತಾಡ್ರಿ. ಸೋಲಾಪುರ ದಾಟೀವಿ. ಇಕಿ ಹಿಂದ ನಿದ್ದಿ ಹೊಡೀಲತ್ತಾಳ. ಗೊರಕಿ ಕೇಳಸ್ತದೇನು ನೋಡ್ರಿ!" ಎಂದು ಫೋನನ್ನು ಹಿಂದಕ್ಕೆ ಹಿಡಿದರು. ಗಾಡಿ ಪಕ್ಕಕ್ಕೆ ನಿಲ್ಲಿಸಿ, ಬರೀ ಆ ಗೊರಕೆ ಕೇಳಿಸಲೆಂದೇ ಮಾಡಿದ ಫೋನು ಅದು. ಮೀಟಿಂಗಿನಲ್ಲಿದ್ದವರು ನಾನೇಕೆ ನಗುತ್ತಿದ್ದೇನೆಂದು ಕೇಳಿದರು. ಅವರಿಗೆ ಎಲ್ಲಿಂದ ಹೇಳಲಿ?

ಅರಿಶಿಣ ಕಾಕುವೇ ಹಚ್ಚಿದರು. ಫೋಟೋದಲ್ಲಿ ಹುಡುಗಿಗಿಂತ ಕಾಕಾರ ಮುಖದಲ್ಲೇ ಅರಿಶಿಣ ಹೆಚ್ಚಿತ್ತು.

ಈ ವರ್ಷ ಯುಗಾದಿ ಕಳೆದ ಮೇಲೆ ಕಾಕಾ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ, ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡು, ಸ್ವಲ್ಪ ಅಡ್ಡಾಗುತ್ತೇನೆಂದು ಮಲಗಿದವರು ಏಳಲಿಲ್ಲ. ಹಸಿದ ಹೊಟ್ಟೆಯಲ್ಲಿ ಹೋಗಲಿಲ್ಲ ಎಂದು ಕಾಕು ಬಂದವರಿಗೆಲ್ಲ ಹೇಳುತ್ತಿದ್ದರು. ನನಗೆ ಅಳು ಬಂದದ್ದು ಅಂದಲ್ಲ, ಮುಂದಿನ ಶನಿವಾರ.

ಹೋದ ತಿಂಗಳು ಕಾಕು ಕರೆಸಿದರು. ಭಾಲ್ಕಿಯ ಹುಡುಗಿಗೆ ಮಗುವಾಗಿದೆ, ತೊಟ್ಟಿಲಿಗೆ ಹಾಕುವ ಕಾರ್ಯ. ಅವರು ಹೋಗಿಬರುವ ಆಸೆಯಲ್ಲಿದ್ದರು; ಕಾರು ಹೊಡೆಯುವವರು ಯಾರು?

"ನೀವು ಹೊಡೀತೀರೇನ್ರಿ? ಬ್ಯಾರೆಯವರ ಕೈಯಾಗ ಕುಂದರಲಾಕ ನನಗ ಧೈರ್ಯಿಲ್ಲ."

ಹೊರಡುವ ದಿನ ಪೈಪಿನಲ್ಲಿ ನೀರು ನೋಡಿ, ಕಾರನ್ನು ಹಿಂದೆ ಮುಂದೆ ತಳ್ಳಿ, ಕಾಕುವನ್ನು ಅವರ ಜಾಗದಲ್ಲಿ ಕೂರಿಸಿ, ನಾನು ಸ್ಟಿಯರಿಂಗ್ ಮುಂದೆ ಕೂತೆ. ಕಾಕಾರಿಗೆ ಹೋಲಿಸಿದರೆ ನಾನು ಸಣಕಲ. ಬಲಗಡೆ ಕಾರು ಎದ್ದು, ಎಡಕ್ಕೆ ವಾಲಿತ್ತು. ವಾಲಿದ್ದು ಕಾಕುವಿನ ಕಡೆಗೇ. ಹಾಗೇ ಹೋದರೆ ಅವರ ಬೆನ್ನಿಗೆ ಒಳ್ಳೆಯದಲ್ಲ. ನಾನು ಇಳಿದು, ಬಳೆ ತಿರುಗಿಸುವ ಪಾನಾ ತಂದು ಬಲ ಚಕ್ರದ ಪಕ್ಕ ಕೂತೆ.

"ಏನ್ ಮಾಡ್ಲತ್ತೀರಿ?"

"ಇದು ಕಾಕಾ ತೂಕಕ್ಕೆ ಇಟ್ಟಿರೋದು ಕಾಕು. ನನ್ನ ತೂಕಕ್ಕೆ ಸರಿ ಮಾಡ್ತೀನಿ. ಐದು ನಿಮಿಷ."

ಕಾಕು ಮೆಲ್ಲಗೆ ಇಳಿದು ಬಂದು, ನನ್ನ ಕೈಯಿಂದ ಪಾನಾ ತೆಗೆದುಕೊಂಡರು. "ಅವರು ಕುಂತ ಅಳತಿ ಅದು. ಮುಟ್ಟಬ್ಯಾಡ್ರಿ."

"ಆದ್ರೆ ಗಾಡಿ ವಾಲ್ತಾ ಇದೆ ಕಾಕು."

"ನಿಮ್ಮದು ಊಟ ಆಗ್ಯದೇನು?"

"ಆಗಿದೆ."

"ಹಂಗಾದ್ರ ಕಾಟಾದ ಮ್ಯಾಲ ನಿಂದರ್ರಿ."

ನಿಂತೆ. ಮುಳ್ಳು ನೋಡಿ ಕಾಕು ಕಾಕಾರ ತೂಕದಿಂದ ನನ್ನದನ್ನು ಮನಸ್ಸಿನಲ್ಲೇ ಕಳೆದರು. ನನ್ನಿಂದ ಒಳಗಿನ ಜೋಳ ತರಿಸಿ, ಒಂದು ಚೀಲಕ್ಕೆ ಹಾಕಿಸಿ ತೂಗಿ, ಒಂದು ಹಿಡಿ ತೆಗೆದು, ಮತ್ತೆ ತೂಗಿದರು. ಕಾಕಾರ ತೂಕ ಇಷ್ಟು ಸರಿಯಾಗಿ ಹೇಗೆ ಗೊತ್ತು ಎಂದು ಕೇಳಿದೆ. "ದವಾಖಾನಿಗಿ ಕರ್ಕೊಂಡು ಹೋಗಾಕಿ ನಾನೇ ಅಲ್ರಿ. ನನಗ ಲಗ್ನದ ವರ್ಷದ್ದು ನೆನಪಿಲ್ಲ, ಹೋದ ವರ್ಷದ್ದು ಅದ" ಎಂದರು. ಚೀಲವನ್ನು ಡ್ರೈವರ್ ಸೀಟಿನ ಬೆನ್ನಿಗೆ ಒತ್ತಿ ಇಟ್ಟೆವು. ಇಬ್ಬರೂ ಕೂತು, ಪಕ್ಕದ ಅಂಗಡಿಯವನ ಕೈಯಲ್ಲಿ ಟೇಪು ಹಿಡಿಸಿ ನೋಡಿದರೆ ಕಾರು ಸಮನಾಗಿ ನಿಂತಿತ್ತು. ಸೋಲಾಪುರ ದಾಟುವ ಹೊತ್ತಿಗೆ ಹಿಂದಿನಿಂದ ಗೊರಕೆ ಕೇಳಿಸಿತು. ನಾನು ಯಾರಿಗೆ ಫೋನು ಮಾಡಲಿ?

ಭಾಲ್ಕಿಯಲ್ಲಿ ಸಾಮಾನು ಇಳಿಸುವಾಗ ಕಾಕುವಿನ ತಂಗಿ ಆ ಚೀಲಕ್ಕೆ ಕೈ ಹಾಕಿದರು. "ಅಕ್ಕಾ, ಭಾಲ್ಕಿಗಿ ಯಾರರೆ ಜ್ವಾಳ ತರ್ತಾರೇನ? ಇರ್ಲಿ ಬಿಡು, ನಾಳಿ ರೊಟ್ಟಿಗಿ ಬೀಸಸ್ತೀನಿ."

ಕಾಕು ಚೀಲದ ಮೇಲೆ ಕೈಯಿಟ್ಟರು.

"ಅದು ಇಳಸಬ್ಯಾಡವ್ವ. ನನ್ನ ಜೋಡಿ ವಾಪಸ್ ಬರೂದದ."